ಕುರ್ಲಾದಲ್ಲಿ ಹುಟ್ಟಿದ ಡಾಡ್ಜ್

ಡೊಂಬಿವಲಿಯಿಂದ ಶಿಳ್‌ಫಾಟಾ ಕಡೆಗೆ ಹೋಗುವ ಬಸ್ಸಿನಲ್ಲಿ, ಶೇರ್ ರಿಕ್ಷಾದಲ್ಲಿ "ಪ್ರೀಮಿಯರ್" ಎಂದು ಹೇಳಿ ಇಳಿಯುವವರು ಈಗಲೂ ಇದ್ದಾರೆ. ಕಲ್ಯಾಣ್-ಶಿಳ್ ರಸ್ತೆಯ ಪ್ರೀಮಿಯರ್ ಕಾಲೊನಿ ಮೈದಾನ ನಮ್ಮವರಿಗೆಲ್ಲ ಗೊತ್ತು, ಚುನಾವಣೆ ಬಂದರೆ ದೊಡ್ಡ ಸಭೆಗಳು ಅಲ್ಲೇ. ಮಹಾಪೆಯ ಆಫೀಸಿಗೆ ಹೋಗುವಾಗ ನಾನು ಅದನ್ನು ದಿನಾ ದಾಟುತ್ತೇನೆ. ಒಮ್ಮೆ ನಮ್ಮ ಟೀಮಿನ ಹುಡುಗಿಯೊಬ್ಬಳು ಕೇಳಿದಳು: "ಪ್ರೀಮಿಯರ್ ಅಂದರೆ ಯಾವುದೋ ಬಿಲ್ಡರ್ ಹೆಸರಾ?" ಸುತ್ತಲಿನ ಗೋಪುರಗಳನ್ನು ನೋಡಿದವರು ಹಾಗೆ ಕೇಳುವುದು ಸಹಜವೇ.

ಅದು ಕಾರು ತಯಾರಿಸುತ್ತಿದ್ದ ಕಂಪನಿಯ ಹೆಸರು. ನಮ್ಮಮ್ಮನ ಕಾಲದವರಿಗೆ ಪ್ರೀಮಿಯರ್ ಎಂದರೆ ಪದ್ಮಿನಿ, ಅಂದರೆ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ. ಅದಕ್ಕೂ ಹಿಂದಿನವರಿಗೆ ಪ್ರೀಮಿಯರ್ ಎಂದರೆ ಡಾಡ್ಜ್, ಪ್ಲಿಮತ್, ಡಿ ಸೋಟೊ. ಹೆಸರು ಅಮೆರಿಕದ್ದು, ಜೋಡಿಸಿದ್ದು ಕುರ್ಲಾದ ಕೈಗಳು. ಆ ಕಾರ್ಖಾನೆಯ ಯೋಚನೆ ಬೆಳೆದುಬಂದ ದಾರಿಯಲ್ಲಿ ನಮ್ಮ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರೂ ಇದ್ದಾರೆ. ನಮ್ಮ ಮನೆತನದಲ್ಲಿ ಅಂಥದೊಂದು ಡಾಡ್ಜ್ ಇರುವುದರಿಂದ, ಮದುವೆಯಾಗಿ ಬಂದ ಮೇಲೆ ನಾನು ಈ ಕಥೆಯ ಬೆನ್ನು ಹತ್ತಿದೆ.

ಅಮೆರಿಕದ ಕಾರುಗಳು ಭಾರತಕ್ಕೆ ಹಡಗಿನಲ್ಲಿ ಇಡಿಯಾಗಿ ಬರುತ್ತಿದ್ದದ್ದು ಹಳೆಯ ಮಾತು. 1926ರಲ್ಲಿ ಫೋರ್ಡ್ ಇಲ್ಲಿ ಅಂಗಸಂಸ್ಥೆ ತೆರೆಯಿತು. 1928ರಲ್ಲಿ ಜನರಲ್ ಮೋಟರ್ಸ್ ಮುಂಬಯಿಯ ಶಿವಡಿಯಲ್ಲಿ ಶೆವರ್ಲೆ ಜೋಡಿಸಲು ಶುರುಮಾಡಿತು. ಪೆಟ್ಟಿಗೆಗಳಲ್ಲಿ ಬಿಡಿಭಾಗ ಬರುವುದು, ಇಲ್ಲಿ ಬೋಲ್ಟು ಬಿಗಿದು, ಬಣ್ಣ ಬಳಿದು ಹೊರಗೆ ಬಿಡುವುದು, ಇಷ್ಟೇ ಕೆಲಸ. ಇಡೀ ಕಾರಿನ ಸುಂಕಕ್ಕಿಂತ ಬಿಡಿಭಾಗದ ಸುಂಕ ಕಡಿಮೆ, ಕೂಲಿಯೂ ಕಡಿಮೆ. ಕಾರು ಮಾಡುವ ವಿದ್ಯೆ ಮಾತ್ರ ಪೆಟ್ಟಿಗೆಯಲ್ಲಿ ಬರುತ್ತಿರಲಿಲ್ಲ.

ಇದು ವಿಶ್ವೇಶ್ವರಯ್ಯನವರಿಗೆ ಚುಚ್ಚುತ್ತಿತ್ತು. ಅವರನ್ನು ನಾವು ಕನ್ನಂಬಾಡಿಯ ಲೆಕ್ಕದಲ್ಲೇ ನೆನೆಯುತ್ತೇವೆ. ಆದರೆ ಅವರು ಎಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ, 1884ರಲ್ಲಿ ಕೆಲಸಕ್ಕೆ ಸೇರಿದ್ದು ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ. ಮಹಾರಾಷ್ಟ್ರದ ಕನ್ನಡಿಗರಾದ ನಮಗೂ ಅವರ ಮೇಲೆ ಒಂದಿಷ್ಟು ಹಕ್ಕಿದೆ ಎಂದು ನಾನು ತಮಾಷೆಗೆ ಹೇಳುವುದುಂಟು. 1934ರಲ್ಲಿ ಅವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕವನ್ನೇ ಬರೆದರು. ಮರುವರ್ಷ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪು ಮತ್ತು ಅಮೆರಿಕದಲ್ಲಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲೊಂದು ಕಾರ್ಖಾನೆ ಕಟ್ಟುವ ಯೋಜನೆ ತಯಾರಿಸಿದರು. ಅದಕ್ಕೆ ಜೊತೆಯಾದವರು ಸೊಲ್ಲಾಪುರದ ಉದ್ಯಮಿ ವಾಲ್‌ಚಂದ್ ಹೀರಾಚಂದ್. 1937ರಲ್ಲಿ ಬಂದ ಬಿ. ಜಿ. ಖೇರ್ ಅವರ ಮುಂಬಯಿ ಸರ್ಕಾರ ನೆರವಿಗೆ ಒಪ್ಪಿತು. 1939ರಲ್ಲಿ ಯುದ್ಧದ ಪ್ರಶ್ನೆಯ ಮೇಲೆ ಆ ಸರ್ಕಾರ ರಾಜೀನಾಮೆ ಕೊಟ್ಟಿತು, ನೆರವೂ ಹೋಯಿತು.

ವಾಲ್‌ಚಂದರು ಅಮೆರಿಕಕ್ಕೆ ಹೋದರು. ಫೋರ್ಡ್ ಜೊತೆ ಮಾತು ಕುದುರಲಿಲ್ಲ, ಏಕೆಂದರೆ ಭಾರತದ ಫೋರ್ಡ್ ಕೆನಡಾದ ಫೋರ್ಡ್‌ನ ಹಿಡಿತದಲ್ಲಿತ್ತು. ಕೊನೆಗೆ ಕ್ರೈಸ್ಲರ್ ಒಪ್ಪಿತು. ಆ ಪ್ರವಾಸದಿಂದ ಮರಳುವಾಗ ವಿಮಾನದಲ್ಲಿ ಅವರಿಗೆ ವಿಲಿಯಂ ಪಾಲಿ ಎಂಬ ವಿಮಾನ ವ್ಯಾಪಾರಿ ಸಿಕ್ಕಿದ. ಕಾರಿಗಾಗಿ ಹೋದವರ ತಲೆಯಲ್ಲಿ ವಿಮಾನವೂ ಹೊಕ್ಕಿತು. ಕಾರಿನ ಕಾರ್ಖಾನೆಗೆ ಅಂದಿನ ಭಾರತ ಸರ್ಕಾರ ಬೆಂಬಲ ಕೊಡಲಿಲ್ಲ, ವಿಮಾನಕ್ಕೆ ಮಾತ್ರ ಯುದ್ಧದ ದೆಸೆಯಿಂದ ಒಪ್ಪಿಗೆ ಸಿಕ್ಕಿತು. ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ ಜಾಗವನ್ನೂ ಬಂಡವಾಳವನ್ನೂ ಕೊಟ್ಟು, 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಹುಟ್ಟಿತು. ಇಂದಿನ ಎಚ್‌ಎಎಲ್ ಅದೇ. ನಮ್ಮಲ್ಲಿ ಎಷ್ಟೋ ಜನರ ಅಣ್ಣ-ತಮ್ಮಂದಿರು ಎಚ್‌ಎಎಲ್‌ನಲ್ಲಿದ್ದಾರೆ. ಅದಕ್ಕೂ ಕುರ್ಲಾದ ಕಾರಿಗೂ ಇಷ್ಟು ಹತ್ತಿರದ ನಂಟಿದೆ ಎಂದರೆ ನಂಬುವವರು ಕಡಿಮೆ.

ಕಾರಿನ ಕನಸು ಸತ್ತಿರಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಯಿತು. 1947ರಲ್ಲಿ, ಸ್ವಾತಂತ್ರ್ಯ ಬರುವ ಹೊತ್ತಿಗೆ, ಕುರ್ಲಾದಿಂದ ಮೊದಲ ವಾಹನಗಳು ಹೊರಬಿದ್ದವು. ಕಾರುಗಳಲ್ಲಿ ಡಾಡ್ಜ್, ಪ್ಲಿಮತ್, ಡಿ ಸೋಟೊ. ಲಾರಿಗಳಲ್ಲಿ ಡಾಡ್ಜ್ ಮತ್ತು ಫಾರ್ಗೊ. ಡಾಡ್ಜ್ ಕಿಂಗ್ಸ್‌ವೇ ಎಂಬುದು ಅಮೆರಿಕದ ಹೊರಗಿನ ದೇಶಗಳಿಗಾಗಿಯೇ ಇಟ್ಟ ಹೆಸರು. ಮೈಯೆಲ್ಲ ಪ್ಲಿಮತ್, ಮುಖ ಮಾತ್ರ ಡಾಡ್ಜ್. ಒಂದೇ ಸಾಫ್ಟ್‌ವೇರಿಗೆ ಬೇರೆ ಬೇರೆ ಲೋಗೊ ಅಂಟಿಸಿ ಮೂವರು ಗ್ರಾಹಕರಿಗೆ ಮಾರುವ ನಮ್ಮ ವೃತ್ತಿಯವರು ಇದನ್ನು ಕೂಡಲೇ ಗುರುತಿಸುತ್ತಾರೆ.

ಆಮೇಲೆ ನಡೆದದ್ದನ್ನು ಬೇಗ ಹೇಳಿಬಿಡುತ್ತೇನೆ. 1953ರ ಸುಂಕ ಆಯೋಗ, ಇಲ್ಲೇ ಹಂತಹಂತವಾಗಿ ತಯಾರಿಸುವ ಕಾರ್ಯಕ್ರಮ ಇದ್ದವರು ಮಾತ್ರ ಉಳಿಯಲಿ ಎಂದಿತು. ಶಿವಡಿಯ ಜನರಲ್ ಮೋಟರ್ಸೂ ಫೋರ್ಡೂ ಗಂಟುಮೂಟೆ ಕಟ್ಟಿದವು. ಪ್ರೀಮಿಯರ್ ಉಳಿಯಿತು, ಆದರೆ ಇಟಲಿಯ ಫಿಯಟ್ ಕಡೆ ತಿರುಗಿತು. ಡಾಡ್ಜಿನದು ಸುಮಾರು 3.6 ಲೀಟರಿನ ಆರು ಸಿಲಿಂಡರ್ ಎಂಜಿನ್, ಫಿಯಟ್ 1100ರದು 1089 ಸಿಸಿ. ಬಡ ದೇಶಕ್ಕೆ ಯಾವುದು ಸರಿ ಎಂದು ಹೇಳಲು ಎಂಟೆಕ್ ಬೇಕಾಗಿಲ್ಲ. ಅಮೆರಿಕದ ಹೊಸ ಕಾರುಗಳ ಆಮದೂ ಬಿಗಿಯಾಯಿತು. ರಾಯಭಾರ ಕಚೇರಿಗಳವರು ಬಿಟ್ಟುಹೋದ ಕಾರುಗಳು ಸರ್ಕಾರದ ಎಸ್‌ಟಿಸಿ ಮೂಲಕ ಕೆಲವರಿಗೆ ಸಿಗುತ್ತಿದ್ದವು. ಉಳಿದವರು ಇದ್ದದ್ದನ್ನೇ ಉಳಿಸಿಕೊಳ್ಳಬೇಕಾಯಿತು.

ಇದೇ ಕಾಲದಲ್ಲಿ ಕ್ಯೂಬಾದಲ್ಲೂ ಇದೇ ಸ್ಥಿತಿ. ಕ್ರಾಂತಿಯ ನಂತರ ಅಮೆರಿಕ ವ್ಯಾಪಾರ ನಿಲ್ಲಿಸಿತು, ಹವಾನಾದ ಶೆವರ್ಲೆ-ಪ್ಲಿಮತ್‌ಗಳಿಗೆ ರಷ್ಯದ ಎಂಜಿನ್‌ಗಳು ಬಂದು ಕೂತವು. ಇಂದು ಪ್ರವಾಸಿಗರು ಅವನ್ನು ಹುಡುಕಿಕೊಂಡು ಹೋಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮ ಮುಂಬಯಿಯ ಮೆಕ್ಯಾನಿಕ್‌ಗಳು ಮಾಡಿದ್ದೂ ಅದನ್ನೇ, ಆದರೆ ಅವರ ಫೋಟೊ ಯಾರೂ ತೆಗೆಯಲಿಲ್ಲ.

ಈಗ ನಮ್ಮ ಮನೆಯ ಡಾಡ್ಜಿಗೆ ಬರುತ್ತೇನೆ. ನನ್ನ ಗಂಡನ ದೊಡ್ಡಪ್ಪ ಉಡುಪಿ ಕಡೆಯಿಂದ ಬಂದು ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಟೂಲ್‌ರೂಮಿನಲ್ಲಿದ್ದರು. 1973ರ ಕೊನೆಗೆ ಅರಬ್ ದೇಶಗಳು ತೈಲ ಬಿಗಿಹಿಡಿದು ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ನಾಲ್ಕು ಪಟ್ಟಾದಾಗ, ದೊಡ್ಡ ಕಾರುಗಳು ಯಾರಿಗೂ ಬೇಡವಾದವು. ಗಿರ್‌ಗಾಂವಿನ ಒಬ್ಬರು ತಮ್ಮ 1952ರ ಕಿಂಗ್ಸ್‌ವೇಯನ್ನು ಒಂದು ಸ್ಕೂಟರಿನ ಬೆಲೆಗೆ ಬಿಟ್ಟುಕೊಟ್ಟರಂತೆ. 1976ರಲ್ಲಿ ಅದು ಠಾಣೆಗೆ ಬಂತು. ನಂಬರು ಇವತ್ತಿಗೂ ಬಿಎಂ ಎಂದೇ ಶುರುವಾಗುತ್ತದೆ. ಬಾನೆಟ್ಟಿನ ಒಳಗಿನ ತಗಡಿನ ಪಟ್ಟಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್, ಬಾಂಬೆ ಎಂದು ಒತ್ತಿದ್ದಾರೆ.

ಕಾರು ದೊಡ್ಡಮಾವನದು, ಲೆಕ್ಕ ದೊಡ್ಡತ್ತೆಯದು. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಶುರುವಾದ ಆ ಬರಹ ಈಗ ಹನ್ನೊಂದು ನೋಟ್‌ಬುಕ್ ಆಗಿದೆ. ಪೆಟ್ರೋಲು ಎಷ್ಟು, ಓಟ ಎಷ್ಟು, ಯಾವ ದಿನ ಆಯಿಲ್ ಬದಲಿಸಿದ್ದು, ಬ್ರೇಕಿನ ಯಾವ ಸಿಲಿಂಡರಿಗೆ ಕುರ್ಲಾದ ಲೇತಿನವ ಹಿತ್ತಾಳೆಯ ಸ್ಲೀವ್ ಹಾಕಿದ, ಎಷ್ಟು ತೆಗೆದುಕೊಂಡ, ಎಲ್ಲ ಕನ್ನಡದಲ್ಲಿ. ಲೀಟರಿಗೆ ಆರು ಕಿಲೊಮೀಟರು ಬಂದ ತಿಂಗಳು ಕೆಳಗೆ ಎರಡು ಗೀರು ಎಳೆದಿದ್ದಾರೆ, ಖುಷಿಗೆ. ನಮ್ಮ ಆಫೀಸಿನಲ್ಲಿ ಡಾಕ್ಯುಮೆಂಟೇಶನ್ ಬರೆಯಿರಿ ಎಂದು ಗೋಗರೆದು ಸುಸ್ತಾದ ನನಗೆ ಆ ಪುಸ್ತಕಗಳನ್ನು ಮೊದಲ ಸಲ ಕಂಡಾಗ ಕೈಮುಗಿಯಬೇಕೆನಿಸಿತು.

ಆ ನೋಟ್‌ಬುಕ್‌ಗಳಿಂದಲೇ ನಾನು ಈ ಕಾರಿನ ಸ್ವಭಾವ ಕಲಿತದ್ದು. ಇದರ ನಟ್ಟು-ಬೋಲ್ಟೆಲ್ಲ ಇಂಚಿನ ಲೆಕ್ಕದವು, ನಮ್ಮ ಗಲ್ಲಿಯ ಗ್ಯಾರೇಜಿನ ಮಿಲಿಮೀಟರ್ ಪಾನಾ ಹಾಕಿದರೆ ಮೂಲೆ ಸವೆದುಹೋಗುತ್ತದೆ. ಬ್ಯಾಟರಿ 6 ವೋಲ್ಟಿನದು, ಅದರಲ್ಲೂ ಪ್ಲಸ್ ತುದಿಯನ್ನು ಬಾಡಿಗೆ ಕಟ್ಟಬೇಕು. ಈಗಿನ ಕಾರುಗಳಿಗೆ ತದ್ವಿರುದ್ಧ. ಎಲ್ಲಕ್ಕಿಂತ ವಿಚಿತ್ರ ಚಕ್ರದ ಬೋಲ್ಟುಗಳು. ಅಂದಿನ ಕ್ರೈಸ್ಲರ್ ಕಾರುಗಳಲ್ಲಿ ಬಲಬದಿಯ ಚಕ್ರಗಳಿಗೆ ಮಾಮೂಲಿ ಮರೆ, ಎಡಬದಿಯವಕ್ಕೆ ತಿರುಗುಮರೆ. ಓಡುವಾಗ ಚಕ್ರ ತಿರುಗುವ ದಿಕ್ಕಿಗೆ ಬೋಲ್ಟು ಸಡಿಲವಾಗಬಾರದು ಎಂಬ ಎಚ್ಚರಿಕೆ ಅದು. ಗೊತ್ತಿಲ್ಲದ ಪಂಕ್ಚರಿನವರು ಎಡಚಕ್ರವನ್ನು ಬಿಚ್ಚಲು ಹೋಗಿ ಬಿಗಿಯುತ್ತಾ ಬಿಗಿಯುತ್ತಾ ಬೋಲ್ಟನ್ನೇ ಮುರಿಯುತ್ತಾರೆ. ದೊಡ್ಡತ್ತೆ ಡಿಕ್ಕಿಯ ಒಳಗೆ ಬಿಳಿ ಪೇಂಟಿನಲ್ಲಿ "ಬಲಕ್ಕೆ ಬಲಮುರಿ, ಎಡಕ್ಕೆ ಎಡಮುರಿ" ಎಂದು ಬರೆಸಿದ್ದಾರೆ. ಪಂಕ್ಚರಿನವರಿಗೆ ಕನ್ನಡ ಬರುವುದಿಲ್ಲ ಎಂದು ನಾನು ನಕ್ಕರೆ, "ಓದಿ ಹೇಳಲಿಕ್ಕೆ ನಾನಿದ್ದೇನಲ್ಲ ಮಾರಾಯ್ತಿ" ಎನ್ನುತ್ತಾರೆ.

ಅವರು ಗಾಡಿ ಓಡಿಸಲು ಕಲಿತದ್ದು 1978ರಲ್ಲಿ. ಗೇರು ಸ್ಟಿಯರಿಂಗಿನ ಪಕ್ಕದಲ್ಲಿ, ಮುಂದಕ್ಕೆ ಮೂರೇ ಗೇರು. ಮುಂದಿನ ಸೀಟು ಮಂಚದ ಹಾಗೆ ಉದ್ದಕ್ಕೆ. ಐದಡಿ ಎತ್ತರದ ಹೆಂಗಸಿಗೆ ಆ ಬಾನೆಟ್ಟಿನಾಚೆ ರಸ್ತೆ ಕಾಣಲು ಎರಡು ತಲೆದಿಂಬು ಬೇಕಾಗುತ್ತಿತ್ತಂತೆ. ಅಕ್ಕಪಕ್ಕದ ಏಳೆಂಟು ಕನ್ನಡ ಹೆಂಗಸರನ್ನು ತುಂಬಿಕೊಂಡು ಮಾಟುಂಗಾದ ಕರ್ನಾಟಕ ಸಂಘಕ್ಕೆ ನಾಟಕ, ಯಕ್ಷಗಾನ ನೋಡಲು ಹೋದ ದಿನಗಳು ನೋಟ್‌ಬುಕ್ಕಿನಲ್ಲಿ ಹಲವು ಕಡೆ ಇವೆ. ಆ ಸಂಘದ ಸಭಾಗೃಹಕ್ಕೆ ಇರುವುದು ವಿಶ್ವೇಶ್ವರಯ್ಯನವರ ಹೆಸರು. ಅವರ ಯೋಜನೆಯ ಕವಲಿನಿಂದ ಬಂದ ಕಾರಿನಲ್ಲೇ ಅಲ್ಲಿಗೆ ಹೋಗಿ ಇಳಿಯುತ್ತಿದ್ದೆವೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ ಎಂದು ದೊಡ್ಡತ್ತೆ ಈಗ ನಗುತ್ತಾರೆ.

ಮೇ ರಜೆಯಲ್ಲಿ ಊರಿಗೆ ಹೊರಟರೆ ಘಾಟಿನ ಕೆಳಗಿನ ಖೊಪೊಲಿಯಲ್ಲಿ ಒಂದು ನಿಲುಗಡೆ ಕಡ್ಡಾಯ. "ಖೊಪೊಲಿ, ನೀರು 2 ಸಲ" ಎಂದಿದೆ ಒಂದು ಕಡೆ. ಬಿಸಿಲಿಗೆ ರೇಡಿಯೇಟರ್ ಕುದಿಯುವುದು ಒಂದು ಕಷ್ಟ. ಪೈಪಿನೊಳಗಿನ ಪೆಟ್ರೋಲು ಎಂಜಿನ್ನಿನ ಕಾವಿಗೆ ಆವಿಯಾಗಿ ಪಂಪು ಎಳೆಯಲಾರದೆ ಗಾಡಿ ನಿಂತುಬಿಡುವುದು ಇನ್ನೊಂದು. ಅದಕ್ಕೆ ಮದ್ದು, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾಯುವುದು. ಮಗುವಿನ ಜ್ವರಕ್ಕೆ ಹಣೆಗೆ ಪಟ್ಟಿ ಹಾಕಿದ ಹಾಗೆ. 1888ರಲ್ಲಿ ಗಂಡನಿಗೆ ಹೇಳದೆ ಮಕ್ಕಳಿಬ್ಬರನ್ನು ಕೂರಿಸಿಕೊಂಡು ಮೊತ್ತಮೊದಲ ದೂರಪ್ರಯಾಣ ಮಾಡಿದ ಬರ್ತಾ ಬೆಂಜ್, ಕಟ್ಟಿಕೊಂಡ ಇಂಧನದ ಕೊಳವೆಯನ್ನು ತನ್ನ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಈ ಕಥೆ ಹೇಳಿದಾಗ ದೊಡ್ಡತ್ತೆಗೆ ಆಶ್ಚರ್ಯವೇ ಆಗಲಿಲ್ಲ. "ಮತ್ತೆ? ಕೈಗೆ ಸಿಕ್ಕಿದ್ದರಲ್ಲೇ ಮಾಡಬೇಕು."

ಪೆಟ್ರೋಲಿನ ಖರ್ಚು ತಾಳಲಾರದೆ 1982ರಲ್ಲಿ ದೊಡ್ಡಮಾವ ಆರು ಸಿಲಿಂಡರಿನ ಎಂಜಿನ್ ಇಳಿಸಿ, ಮಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದರು. ಅಂದು ಉಳಿದುಕೊಂಡ ದೊಡ್ಡ ಕಾರುಗಳಲ್ಲಿ ಎಷ್ಟೋ ಉಳಿದದ್ದು ಹೀಗೆಯೇ. ಎಂಜಿನ್ ಕೂರಿಸುವ ಆಧಾರಗಳನ್ನು ಅವರೇ ಟೂಲ್‌ರೂಮಿನ ಬಿಡುವಿನಲ್ಲಿ ಕೊರೆದು ತಂದರು. ಆರ್‌ಟಿಒದಲ್ಲಿ ಆರ್‌ಸಿ ಪುಸ್ತಕಕ್ಕೆ ಡೀಸೆಲ್ ಎಂದು ಬರೆಸಿಕೊಂಡು ಬಂದರು. ಹಳೆಯ ಎಂಜಿನ್ನಿಗೆ ಗ್ರೀಸ್ ಮೆತ್ತಿ, ಟಾರ್ಪಾಲಿನಲ್ಲಿ ಸುತ್ತಿ, ಕಲ್ಯಾಣದ ನೆಂಟರ ಗೋದಾಮಿನಲ್ಲಿ ಇಟ್ಟರು. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಗಾಡಿಯ ಸದ್ದು ಲಾರಿಯ ಹಾಗಾಯಿತು, ಆದರೆ ಮಗಳ ಮದುವೆ, ಮಗನ ಕಾಲೇಜು, ಊರಿನ ನಾಗಪ್ರತಿಷ್ಠೆ, ಎಲ್ಲಕ್ಕೂ ಓಡಿತು.

2005ರ ಜುಲೈ 26. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ದಿನವನ್ನು ನಮ್ಮ ಯಾರೂ ಮರೆತಿಲ್ಲ. ಸೊಸೈಟಿಯ ಅಂಗಳದಲ್ಲಿ ಡಾಡ್ಜಿನ ಸೀಟಿನ ಮಟ್ಟಕ್ಕೆ ನೀರು. ಆ ವಾರದ ಪುಟದಲ್ಲಿ ಹೆಚ್ಚು ಮಾತಿಲ್ಲ: ಗೇರ್ ಬಾಕ್ಸಿನ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣ, ಎಲ್ಲ ಆಯಿಲ್ ಚೆಲ್ಲಿದೆ, ಬ್ರೇಕ್ ಡ್ರಮ್ಮು ಬಿಚ್ಚಿ ಒಣಗಿಸಿದೆ, ಸೀಟಿನ ತೆಂಗಿನ ನಾರು ಬಿಸಾಡಿದೆ. ಹತ್ತನೆಯ ದಿನಕ್ಕೆ "ಚಾಲೂ" ಎಂದಿದೆ. ಪಕ್ಕದಲ್ಲೇ ನಿಂತಿದ್ದ ಎರಡು ಹೊಸ ಕಾರುಗಳ ಎಲೆಕ್ಟ್ರಾನಿಕ್ಸ್‌ಗೆ ನೀರು ಹೊಕ್ಕು, ಅವು ವಿಮೆಯವರ ಪಾಲಾದವು. ಚಿಪ್ಪುಗಳಿಂದಲೇ ಅನ್ನ ತಿನ್ನುವವಳು ನಾನು. ಆದರೂ ಇದನ್ನು ಬರೆಯದಿದ್ದರೆ ಪಕ್ಷಪಾತವಾದೀತು.

ಅಷ್ಟರಲ್ಲಿ ಪ್ರೀಮಿಯರ್ ಕಥೆಯೇ ಮುಗಿದಿತ್ತು. 1990ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ಜೊತೆ ಸೇರಿ ನಮ್ಮ ಕಲ್ಯಾಣ-ಡೊಂಬಿವಲಿಯ ಕಾರ್ಖಾನೆಯಲ್ಲಿ ಪ್ಯೂಜೊ 309 ತಯಾರಿಸಿದರು. ಅದು ಹೆಚ್ಚು ವರ್ಷ ನಡೆಯಲಿಲ್ಲ. ಪದ್ಮಿನಿಯ ತಯಾರಿಕೆಯೂ ನಿಂತಿತು. 2023ರ ಅಕ್ಟೋಬರ್ 30ರಿಂದ ಮುಂಬಯಿಯ ರಸ್ತೆಯಲ್ಲಿ ಪದ್ಮಿನಿ ಟ್ಯಾಕ್ಸಿಯೂ ಇಲ್ಲ, ಕೊನೆಯದಾಗಿ ನೋಂದಣಿಯಾದದ್ದಕ್ಕೆ ಇಪ್ಪತ್ತು ವರ್ಷ ತುಂಬಿತ್ತು. ಆ ದಿನ ಪತ್ರಿಕೆಗಳ ತುಂಬ ಪದ್ಮಿನಿಯದೇ ಸುದ್ದಿ. ಕುರ್ಲಾದ ಡಾಡ್ಜ್-ಪ್ಲಿಮತ್‌ಗಳಿಗೆ ಅಂಥ ಬೀಳ್ಕೊಡುಗೆ ಯಾವತ್ತೂ ಆಗಲಿಲ್ಲ. ಅವುಗಳ ಭಾಗಗಳು ಚೋರ್‌ಬಜಾರಿನಲ್ಲಿ, ಕುರ್ಲಾದ ಸಿಎಸ್‌ಟಿ ರಸ್ತೆಯ ಗುಜರಿಗಳಲ್ಲಿ ಚೂರುಚೂರಾಗಿ ಕರಗಿದವು. ಅಮೆರಿಕದ ಹಳೆಯ ಕಾರು ನೋಡಬೇಕೆಂದರೆ ನಮ್ಮವರು ಊರಿಗೆ ಹೋದಾಗ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೋ ಶ್ರೀರಂಗಪಟ್ಟಣದ ಬಳಿಯ ಪಯಣಕ್ಕೋ ಹೋಗಬಹುದು.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನ ವಿಂಟೇಜ್ ಎನಿಸಿಕೊಳ್ಳಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಬಾಳಿಕೆ, ನವೀಕರಣಕ್ಕೆ 5,000. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ವಿಎ ಎಂಬ ಅಕ್ಷರ ಸೇರುತ್ತದೆ, ಮೊದಲೇ ನೋಂದಣಿ ಇದ್ದವರು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು, ಇಷ್ಟಕ್ಕೆ ಮಾತ್ರ. ಇದೆಲ್ಲ ಸರಿ. ತೊಡಕು ಇರುವುದು ಇನ್ನೊಂದು ಷರತ್ತಿನಲ್ಲಿ: ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು.

ಶೋಕಿಗಾಗಿ ಹಳೆಯ ಕಾರನ್ನು ಕತ್ತರಿಸಿ ರೇಸ್ ಕಾರು ಮಾಡುವವರನ್ನು ತಡೆಯಲು ಆ ಷರತ್ತು ಬೇಕು, ಒಪ್ಪುತ್ತೇನೆ. ಆದರೆ ನಮ್ಮ ಮಧ್ಯಮ ವರ್ಗದವರು ಈ ಕಾರುಗಳನ್ನು ಗುಜರಿಗೆ ಹೋಗದಂತೆ ಕಾಪಾಡಿದ್ದೇ ಡೀಸೆಲ್ ಎಂಜಿನ್ ಹಾಕಿ. ಎಸಿ ಶೆಡ್ಡಿನಲ್ಲಿ ಮುಚ್ಚಿಟ್ಟು ಓಡಿಸದೆಯೇ ಇದ್ದ ಶ್ರೀಮಂತರ ಕಾರು ಪಾಸಾಗುತ್ತದೆ. ನಲವತ್ತು ವರ್ಷ ಸಂಸಾರ ಹೊತ್ತ ಕಾರು ಫೇಲಾಗುತ್ತದೆ. 1982ರ ಆ ಎಂಜಿನ್ ಬದಲಾವಣೆ, ಆರ್‌ಸಿಯಲ್ಲಿ ಮೊಹರು ಬಿದ್ದದ್ದು, ಅದೂ ಇತಿಹಾಸವೇ ಅಲ್ಲವೇ? ದಾಖಲೆ ಇರುವ ಹಳೆಯ ಮಾರ್ಪಾಡುಗಳಿಗೆ ನಿಯಮದಲ್ಲಿ ಒಂದು ಬಾಗಿಲು ತೆರೆದಿಡಬೇಕಿತ್ತೆಂದು ನನ್ನ ಅಭಿಪ್ರಾಯ.

ದೊಡ್ಡಮಾವ ಈಗಿಲ್ಲ. ಮಕ್ಕಳಿಬ್ಬರೂ ವಿದೇಶದಲ್ಲಿ. ಮಾರಿಬಿಡೋಣ ಎಂದು ಅವರ ಮಾತು. ನೋಡಲು ಬಂದ ಇಬ್ಬರೂ ಮೊದಲು ಬಾನೆಟ್ ಎತ್ತಿದರು, ಡೀಸೆಲ್ ಎಂದೊಡನೆ ಅರ್ಧ ಬೆಲೆ ಹೇಳಿದರು. ಕಳೆದ ಬೇಸಿಗೆಯಲ್ಲಿ ದೊಡ್ಡತ್ತೆ ನನ್ನನ್ನು ಕರೆದು ಹೇಳಿದರು: "ಗೋದಾಮಿನಲ್ಲಿದ್ದದ್ದನ್ನೇ ಮತ್ತೆ ಕೂರಿಸುವ. ಮಾರಲಿಕ್ಕಲ್ಲ. ಆ ಸದ್ದು ಒಂದು ಸಲ ಕೇಳಬೇಕು ನಂಗೆ." ಡೀಸೆಲ್ ಎಂಜಿನ್ ಪರವಾಗಿ ನಾನು ವಾದಿಸಿ ನೋಡಿದೆ. ಅದನ್ನು ಗ್ರೀಸ್ ಹಚ್ಚಿ ಟಾರ್ಪಾಲಿನಲ್ಲಿ ಸುತ್ತಿ ಗೋದಾಮಿನ ಅದೇ ಮೂಲೆಯಲ್ಲಿಡಬೇಕು ಎಂಬಲ್ಲಿಗೆ ರಾಜಿಯಾಯಿತು.

ಟಾರ್ಪಾಲು ಬಿಚ್ಚಿದಾಗ ಎಂಜಿನ್ ಜಾಮ್ ಆಗಿರಲಿಲ್ಲ, ಕೈಯಲ್ಲಿ ತಿರುಗಿಸಿದರೆ ಭಾರವಾಗಿ ತಿರುಗಿತು. ಈಗ ಬ್ಲಾಕು ಕುರ್ಲಾದಲ್ಲಿ ಬೋರಿಂಗಿಗೆ ಹೋಗಿದೆ, ಹುಟ್ಟಿದ ಜಾಗದಿಂದ ಕೂಗಳತೆಯಲ್ಲಿ. ವೈರಿಂಗನ್ನು ಮತ್ತೆ 6 ವೋಲ್ಟಿಗೆ ತರಬೇಕು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್, ಹಳೆಯ ರಬ್ಬರನ್ನು ಅದು ಮೆತ್ತಗೆ ಮಾಡಿ ತಿಂದುಹಾಕುತ್ತದೆ. ಹಾಗಾಗಿ ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗಿನ ಪೈಪು, ಪಂಪಿನ ಡಯಾಫ್ರಾಮ್ ಎಲ್ಲ ಎಥನಾಲ್ ತಾಳುವಂಥವೇ ಆಗಬೇಕು. ಪಿಸ್ಟನ್ ರಿಂಗಿನ ಪಟ್ಟಿಯನ್ನು ದೊಡ್ಡತ್ತೆ ತಮ್ಮ ಹನ್ನೆರಡನೆಯ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು, ನಕಲನ್ನು ನನಗೆ ಕೊಟ್ಟಿದ್ದಾರೆ: ಬೋರ್ 3 ಕಾಲು ಇಂಚು, ಮೇಲೆ 40 ಥೌ, ಆರು ಸೆಟ್. ಈ ಶನಿವಾರ ಒಪೆರಾ ಹೌಸಿನ ಅಂಗಡಿಗಳಲ್ಲಿ ವಿಚಾರಿಸಬೇಕು.